ದೈಹಿಕ ಪರೀಕ್ಷೆಯ ಅಭ್ಯಾಸದ ನಂತರ ಕುಡಿಯತಕ್ಕ ಪಾನೀಯಗಳ ಆಯ್ಕೆ: ಅಭ್ಯರ್ಥಿಗಳಿಗೆ ಮಾಹಿತಿ

ಪೊಲೀಸ್, ಅರಣ್ಯ, ಅಗ್ನಿಶಾಮಕ ಹಾಗೂ ಸೇನಾ ಸೇವೆಗಳಿಗೆ ಅರ್ಜಿ ಸಲ್ಲಿಸುವ ಅಭ್ಯರ್ಥಿಗಳು ಲಿಖಿತ ಪರೀಕ್ಷೆಯ ಜೊತೆಗೆ ದೇಹದಾರ್ಢ್ಯತೆ ಮತ್ತು ಸಹಿಷ್ಣುತೆ ಪರೀಕ್ಷೆಗಳಲ್ಲಿಯೂ ಅರ್ಹತೆ ಪಡೆಯಬೇಕಾಗಿರುತ್ತದೆ. ಇದಕ್ಕಾಗಿ ಜಿಲ್ಲಾ ಹಾಗೂ ತಾಲ್ಲೂಕು ಕೇಂದ್ರಗಳ ಕ್ರೀಡಾಂಗಣಗಳಲ್ಲಿ, ಶಾಲಾ ಮೈದಾನಗಳಲ್ಲಿ ಮತ್ತು ಊರ ಹೊರಗಿನ ರಸ್ತೆಗಳಲ್ಲಿ ಯುವಕ ಯುವತಿಯರು ಬೆಳಗಿನ ಜಾವದಿಂದಲೇ ಅಭ್ಯಾಸ ನಡೆಸುತ್ತಿರುವುದನ್ನು ಕಾಣಬಹುದಾಗಿದೆ. ಓಟ ಮುಗಿದ ಮೇಲೆ ಏನನ್ನು ಕುಡಿಯಬೇಕು, ಎಷ್ಟು ಕುಡಿಯಬೇಕು ಎಂಬ ವಿಷಯದಲ್ಲಿ ಅಂಗಡಿಯವರ ಮಾತು, ಜಾಹೀರಾತಿನ ಮಾತು ಮತ್ತು ಹಿಂದಿನ ವರ್ಷ ಆಯ್ಕೆಯಾದವರ ಮಾತು ಒಂದಕ್ಕೊಂದು ತಾಳೆಯಾಗುವುದಿಲ್ಲ. ಆದ್ದರಿಂದ ಅಭ್ಯರ್ಥಿಗಳ ಹಾಗೂ ಸಾರ್ವಜನಿಕರ ಅವಗಾಹನೆಗಾಗಿ ಈ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ.

ವಿಷಯವು ಸಣ್ಣದೆಂದು ಉಪೇಕ್ಷಿಸುವಂತಿಲ್ಲ. 2024ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಜಾರ್ಖಂಡ್ ರಾಜ್ಯದ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಯ ಸಂದರ್ಭದಲ್ಲಿ ಅಭ್ಯರ್ಥಿಗಳು ಒಂದು ಗಂಟೆಯಲ್ಲಿ 10 ಕಿ.ಮೀ. ಓಡಬೇಕಾಗಿತ್ತು. ಆ ಪರೀಕ್ಷೆಯ ಅವಧಿಯಲ್ಲಿ ಹತ್ತಕ್ಕೂ ಹೆಚ್ಚು ಯುವಕರು ಮೃತಪಟ್ಟರು. ಪರೀಕ್ಷೆಯನ್ನು ಕೆಲವು ದಿನ ಸ್ಥಗಿತಗೊಳಿಸಬೇಕಾಯಿತು. ಈ ಸಾವುಗಳೆಲ್ಲವೂ ನೀರಿನ ಕೊರತೆಯಿಂದಲೇ ಸಂಭವಿಸಿದವೆಂದು ಹೇಳುವಂತಿಲ್ಲ. ಆದರೆ ಸೆಕೆಯ ದಿನಗಳಲ್ಲಿ, ರಾತ್ರಿಯಿಡೀ ಪ್ರಯಾಣ ಮಾಡಿ, ನಿದ್ರೆ ಮತ್ತು ಆಹಾರವಿಲ್ಲದೆ, ಗಂಟೆಗಟ್ಟಲೆ ಸರದಿಯಲ್ಲಿ ನಿಂತು ಓಟಕ್ಕಿಳಿಯುವ ಅಭ್ಯರ್ಥಿಯ ಶರೀರವು ಎಂತಹ ಸ್ಥಿತಿಯಲ್ಲಿರುತ್ತದೆ ಎಂಬುದನ್ನು ಈ ಘಟನೆಯು ಎಲ್ಲರೂ ಯೋಚಿಸುವಂತೆ ಮಾಡಿದೆ.

ನಷ್ಟದ ಲೆಕ್ಕ

ಪಾನೀಯದ ಆಯ್ಕೆಗೆ ಮುನ್ನ ಶರೀರದಿಂದ ಎಷ್ಟು ನೀರು ಹೊರಹೋಗಿದೆ ಎಂಬುದನ್ನು ತಿಳಿಯಬೇಕು. ಖರ್ಚು ತಿಳಿಯದೆ ಜಮಾ ಬರೆಯುವುದು ಯಾವ ಲೆಕ್ಕಪುಸ್ತಕದಲ್ಲಿಯೂ ಸಲ್ಲುವುದಿಲ್ಲ. ವ್ಯಾಯಾಮದಲ್ಲಿ ತೊಡಗಿದ ವ್ಯಕ್ತಿಯು ಸಾಮಾನ್ಯವಾಗಿ ಗಂಟೆಗೆ ಅರ್ಧ ಲೀಟರಿನಿಂದ ಎರಡು ಲೀಟರಿನವರೆಗೆ ಬೆವರು ಹರಿಸುತ್ತಾನೆ. ಈ ಅಂತರ ದೊಡ್ಡದು. ಮೈಕಟ್ಟು, ಓಟದ ವೇಗ, ಹವೆ, ಅಭ್ಯಾಸದ ಅವಧಿ ಇವೆಲ್ಲವನ್ನು ಅದು ಅವಲಂಬಿಸಿದೆ. ಚಳಿಗಾಲದ ಬೆಳಿಗ್ಗೆ ಮಡಿಕೇರಿಯಲ್ಲಿ ಓಡುವವರಿಗೂ ಏಪ್ರಿಲ್ ತಿಂಗಳಲ್ಲಿ ರಾಯಚೂರಿನಲ್ಲಿ ಓಡುವವರಿಗೂ ಒಂದೇ ಅಳತೆ ಹೇಳಲಾಗುವುದಿಲ್ಲ. ಮಂಗಳೂರು, ಕಾರವಾರದಂತಹ ಕರಾವಳಿ ಸ್ಥಳಗಳಲ್ಲಿ ಗಾಳಿಯ ತೇವಾಂಶದಿಂದಾಗಿ ಬೆವರು ಆರದೆ ಮೈಮೇಲೆಯೇ ಉಳಿಯುತ್ತದೆ. ಬೆವರು ಆರಿದರೆ ಮಾತ್ರ ಮೈ ತಣಿಯುವುದರಿಂದ, ಅಲ್ಲಿ ಬೆವರು ಹೆಚ್ಚು ಹರಿದರೂ ಅದರ ಫಲ ಕಡಿಮೆ.

ಇದನ್ನು ಅಳೆಯಲು ದುಬಾರಿ ಸಾಧನಗಳೇನೂ ಬೇಕಾಗಿಲ್ಲ. ಅಭ್ಯಾಸಕ್ಕೆ ಮುನ್ನ ಮೂತ್ರ ವಿಸರ್ಜನೆ ಮಾಡಿ, ಹಗುರ ಉಡುಪಿನಲ್ಲಿ ತೂಕ ನೋಡಿಕೊಳ್ಳುವುದು. ಅಭ್ಯಾಸದ ನಂತರ ಮೈ ಒರೆಸಿಕೊಂಡು, ಬೆವರಿನಿಂದ ತೊಯ್ದ ಬಟ್ಟೆ ಬದಲಿಸಿ ಮತ್ತೊಮ್ಮೆ ತೂಕ ನೋಡುವುದು. ಉದಾಹರಣೆಗೆ, ಮುನ್ನ 60 ಕೆ.ಜಿ. ಇದ್ದು ನಂತರ 59 ಕೆ.ಜಿ. 200 ಗ್ರಾಂ ಆಗಿದ್ದಲ್ಲಿ, ನಡುವೆ 300 ಮಿ.ಲೀ. ನೀರು ಕುಡಿದಿದ್ದಲ್ಲಿ, ಹೊರಹೋದ ಬೆವರು ಸುಮಾರು 1 ಲೀಟರ್ 100 ಮಿ.ಲೀ. ಎಂದು ತಿಳಿಯಬೇಕು. ಇಂತಹ ಲೆಕ್ಕವನ್ನು ನಾಲ್ಕಾರು ದಿನ ಬರೆದಿಟ್ಟುಕೊಂಡರೆ ತಮ್ಮ ಶರೀರದ ಸ್ವಭಾವ ತಮಗೇ ಗೊತ್ತಾಗುತ್ತದೆ. ಶರೀರದ ತೂಕದ ನೂರಕ್ಕೆ ಎರಡರಷ್ಟು, ಅಂದರೆ 60 ಕೆ.ಜಿ. ತೂಕದವರಲ್ಲಿ 1 ಕೆ.ಜಿ. 200 ಗ್ರಾಂನಷ್ಟು ನೀರು ನಷ್ಟವಾದಾಗ ಓಟದ ಸಾಮರ್ಥ್ಯ ಕುಗ್ಗತೊಡಗುತ್ತದೆ ಎಂಬುದು ಕ್ರೀಡಾವೈದ್ಯರು ಸಾಮಾನ್ಯವಾಗಿ ಅನುಸರಿಸುವ ಗಡಿ.

ತೂಕದ ಯಂತ್ರ ಇಲ್ಲದವರು ಮೂತ್ರದ ಬಣ್ಣ ಗಮನಿಸಬಹುದು. ತೆಳು ಹಳದಿ ಇದ್ದರೆ ಸರಿಯಾಗಿದೆ. ಕಡುಹಳದಿಯಾಗಿ ಪ್ರಮಾಣವೂ ಕಡಿಮೆಯಾಗಿದ್ದರೆ ನೀರು ಸಾಲದು. ಬಿ-ಕಾಂಪ್ಲೆಕ್ಸ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನೀರು ಸಾಕಷ್ಟು ಇದ್ದರೂ ಮೂತ್ರ ಹಳದಿಯಾಗಿರುತ್ತದೆ. ಅಂತಹವರು ಈ ಗುರುತನ್ನು ನಂಬತಕ್ಕದ್ದಲ್ಲ.

ಬಹುತೇಕ ಅಭ್ಯರ್ಥಿಗಳಿಗೆ ನೀರೇ ಸಾಕು

ಕರ್ನಾಟಕ ರಾಜ್ಯ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಪುರುಷ ಅಭ್ಯರ್ಥಿಗಳು 1600 ಮೀಟರ್ ಓಟವನ್ನು 6 ನಿಮಿಷ 30 ಸೆಕೆಂಡುಗಳಲ್ಲಿ, ಮಹಿಳಾ ಅಭ್ಯರ್ಥಿಗಳು 400 ಮೀಟರ್ ಓಟವನ್ನು 2 ನಿಮಿಷಗಳಲ್ಲಿ ಪೂರೈಸಬೇಕೆಂಬುದು ಅಧಿಸೂಚನೆಗಳಲ್ಲಿ ಕಂಡುಬರುವ ಮಾನದಂಡ. (ಆಯಾ ಹುದ್ದೆಯ ಅಧಿಸೂಚನೆಯೇ ಅಂತಿಮ.) ಆರೂವರೆ ನಿಮಿಷದ ಓಟದಲ್ಲಿ ಹೊರಹೋಗುವ ಬೆವರು ಅತ್ಯಲ್ಪ. 60 ಕೆ.ಜಿ. ತೂಕದ ವ್ಯಕ್ತಿಯು 1600 ಮೀಟರ್ ಓಡಲು ಸುಮಾರು 100 ಕಿಲೋ ಕ್ಯಾಲೊರಿ ವ್ಯಯಿಸುತ್ತಾನೆ. ನೂರು ಮಿ.ಲೀ.ಗೆ 6 ಗ್ರಾಂ ಸಕ್ಕರೆ ಇರುವ ಕ್ರೀಡಾ ಪಾನೀಯದ ಅರ್ಧ ಲೀಟರ್ ಬಾಟಲಿಯಲ್ಲಿ 30 ಗ್ರಾಂ ಸಕ್ಕರೆ, ಅಂದರೆ 120 ಕಿಲೋ ಕ್ಯಾಲೊರಿ ಇರುತ್ತದೆ. ಖರ್ಚಾದದ್ದಕ್ಕಿಂತ ಜಮಾ ಆದದ್ದೇ ಹೆಚ್ಚಾಯಿತು. ಮೇಲಾಗಿ ಬಾಟಲಿಯ ಬೆಲೆಯೂ ಸೇರಿತು. ಊರಿನಿಂದ ಬಂದು ಬಾಡಿಗೆ ಕೊಠಡಿಯಲ್ಲಿದ್ದು ತರಬೇತಿ ಪಡೆಯುವ ಬಡ ಅಭ್ಯರ್ಥಿಗಳು ದಿನವೂ ಒಂದು ಬಾಟಲಿಗೆ ಹಣ ಕೊಡುವ ಬದಲು ಅದೇ ಹಣದಲ್ಲಿ ಮೊಟ್ಟೆ, ಬಾಳೆಹಣ್ಣು, ಹಾಲು ಕೊಳ್ಳುವುದು ಲೇಸೆಂಬುದು ಈ ಶಾಖೆಯ ಸ್ಪಷ್ಟ ಅಭಿಪ್ರಾಯ.

ಒಂದು ಗಂಟೆಯೊಳಗೆ ಮುಗಿಯುವ ಅಭ್ಯಾಸಕ್ಕೆ, ನಂತರ ಎಂದಿನಂತೆ ಉಪಾಹಾರ ಸೇವಿಸುವವರಿಗೆ, ಶುದ್ಧವಾದ ಕುಡಿಯುವ ನೀರೇ ಸಾಕು. ಬಾಯಾರಿಕೆ ತೀರುವವರೆಗೆ, ಒಂದೇ ಸಮನೆ ಗಟಗಟನೆ ಅಲ್ಲದೆ, ಸ್ವಲ್ಪ ಸ್ವಲ್ಪವಾಗಿ ಕುಡಿಯುವುದು. ಬೆವರು ಆರುವ ತನಕ ನೀರು ಮುಟ್ಟಬಾರದು, ತಣ್ಣೀರು ಕುಡಿದರೆ ಎದೆ ಹಿಡಿಯುತ್ತದೆ ಎಂಬ ನಂಬಿಕೆ ಹಲವು ಮನೆಗಳಲ್ಲಿ ಇದೆ. ಆರೋಗ್ಯವಂತರಿಗೆ ಇದಕ್ಕೆ ಆಧಾರವಿಲ್ಲ. ಮಡಕೆಯ ನೀರಿನಷ್ಟು ತಂಪಾದ ನೀರು ಸುಲಭವಾಗಿ ಒಳಹೋಗುತ್ತದೆ, ಕಾದ ಮೈಯನ್ನು ತಣಿಸುವುದಕ್ಕೂ ಸ್ವಲ್ಪ ನೆರವಾಗುತ್ತದೆ. ಕಾಫಿ, ಚಹಾ ಕುಡಿದರೆ ಇದ್ದ ನೀರೂ ಹೊರಹೋಗುತ್ತದೆ ಎಂಬ ಮಾತೂ ಪೂರ್ತಿ ಸರಿಯಲ್ಲ. ರೂಢಿಯಿದ್ದವರು ಕುಡಿಯುವ ಒಂದೆರಡು ಲೋಟ ಕಾಫಿಯ ನೀರು ಜಮೆಯ ಕಡೆಗೇ ಸೇರುತ್ತದೆ. ಮದ್ಯ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ.

ಉಪ್ಪಿನ ಅಗತ್ಯ ಎಲ್ಲಿ ಬರುತ್ತದೆ

ಬೆವರು ಬರಿಯ ನೀರಲ್ಲ ಎಂಬುದು ಒಣಗಿದ ಅಂಗಿಯ ಬೆನ್ನ ಮೇಲಿನ ಬಿಳಿ ಗೆರೆಯಿಂದಲೇ ತಿಳಿಯುತ್ತದೆ. ಒಂದು ಲೀಟರ್ ಬೆವರಿನಲ್ಲಿ ಸರಾಸರಿ ಸುಮಾರು 1 ಗ್ರಾಂ ಸೋಡಿಯಂ, ಅಂದರೆ ಅಂದಾಜು ಎರಡೂವರೆ ಗ್ರಾಂ ಅಡುಗೆ ಉಪ್ಪು ಇರುತ್ತದೆ. ಕೆಲವರಲ್ಲಿ ಇದರ ಅರ್ಧ, ಕೆಲವರಲ್ಲಿ ಎರಡರಷ್ಟು ಇರುವುದೂ ಉಂಟು. ಪೊಟ್ಯಾಸಿಯಂ ನಷ್ಟ ಇದಕ್ಕೆ ಹೋಲಿಸಿದರೆ ಬಹಳ ಕಡಿಮೆ.

ಎರಡು ಲೀಟರ್ ಬೆವರು ಹರಿಸಿದ ನಂತರ ಬರಿಯ ನೀರನ್ನೇ ಕುಡಿದರೆ ಆಗುವುದೇನೆಂದರೆ, ರಕ್ತದಲ್ಲಿನ ಸೋಡಿಯಂ ತೆಳುವಾಗುತ್ತದೆ. ಆಗ ಬಾಯಾರಿಕೆ ಬೇಗ ನಿಲ್ಲುತ್ತದೆ ಮತ್ತು ಮೂತ್ರಪಿಂಡಗಳು ಹೆಚ್ಚುವರಿ ಎಂದು ಭಾವಿಸಿ ಆ ನೀರನ್ನು ಹೊರಹಾಕುತ್ತವೆ. ಶರೀರಕ್ಕೆ ಇನ್ನೂ ನೀರು ಬೇಕಾಗಿರುವಾಗಲೇ ಮೂತ್ರ ತಿಳಿಯಾಗಿ ಹೋಗುತ್ತದೆ. ನೀರಿನೊಡನೆ ಉಪ್ಪು ಸೇರಿದಾಗ ಅದು ಶರೀರದಲ್ಲಿ ನಿಲ್ಲುತ್ತದೆ. ಆ ಉಪ್ಪು ಪಾನೀಯದಲ್ಲಿಯೇ ಇರಬೇಕೆಂಬ ನಿಯಮವೇನೂ ಇಲ್ಲ, ಊಟದಲ್ಲಿದ್ದರೂ ಸರಿ. ಬೆಳಗಿನ ಉಪ್ಪಿಟ್ಟು, ಇಡ್ಲಿ-ಸಾಂಬಾರು, ಮುದ್ದೆ-ಸಾರು, ಗಂಜಿಯೊಂದಿಗೆ ಉಪ್ಪಿನಕಾಯಿ ಇವುಗಳಲ್ಲಿ ಬೇಕಾದಷ್ಟು ಉಪ್ಪು ಇರುತ್ತದೆ. ತಿಳಿಸಾರಿನ ಒಂದು ಬಟ್ಟಲನ್ನು ಉಪ್ಪು ನೀರಿನ ಪಾನೀಯವೆಂದೇ ಪರಿಗಣಿಸಬಹುದು.

ಹಾಗಾದರೆ ಉಪ್ಪಿನ ಬಗ್ಗೆ ಪ್ರತ್ಯೇಕ ಗಮನ ಯಾರಿಗೆ ಬೇಕು? ಒಂದು ಗಂಟೆಗಿಂತ ಹೆಚ್ಚು ಹೊತ್ತು ಬಿಸಿಲಿನಲ್ಲಿ ಬೆವರುವವರಿಗೆ, ಬೆಳಿಗ್ಗೆ ಮತ್ತು ಸಂಜೆ ಎರಡು ಹೊತ್ತು ಅಭ್ಯಾಸ ಮಾಡುವವರಿಗೆ, ಅಭ್ಯಾಸದ ನಂತರ ಹಲವು ಗಂಟೆ ಊಟ ಸಿಗದವರಿಗೆ. ಕೇಂದ್ರ ಸಶಸ್ತ್ರ ಪಡೆಗಳ ಕಾನ್‌ಸ್ಟೆಬಲ್ ಹುದ್ದೆಗೆ ಪುರುಷರು 24 ನಿಮಿಷಗಳಲ್ಲಿ 5 ಕಿ.ಮೀ. ಓಡಬೇಕಾಗುತ್ತದೆ, ಇದರ ಅಭ್ಯಾಸವು ದಿನಕ್ಕೆ ಒಂದೂವರೆ ಗಂಟೆಗೆ ಮುಟ್ಟುವುದು ಸಾಮಾನ್ಯ. ಭಾರತೀಯ ಅರಣ್ಯ ಸೇವೆಯ ಅಭ್ಯರ್ಥಿಗಳಿಗೆ ನಾಲ್ಕು ಗಂಟೆಗಳಲ್ಲಿ ಪುರುಷರಿಗೆ 25 ಕಿ.ಮೀ., ಮಹಿಳೆಯರಿಗೆ 14 ಕಿ.ಮೀ. ನಡಿಗೆಯ ಪರೀಕ್ಷೆ ಇದೆ. ನಾಲ್ಕು ಗಂಟೆಯ ನಡಿಗೆಯ ಲೆಕ್ಕವೇ ಬೇರೆ, ಆರೂವರೆ ನಿಮಿಷದ ಓಟದ ಲೆಕ್ಕವೇ ಬೇರೆ. ಅದೇ ದಿನ ಸಂಜೆ ಮತ್ತೆ ಅಭ್ಯಾಸ ಇರುವವರು, ತಗ್ಗಿದ ತೂಕದ ಪ್ರತಿ ಕೆ.ಜಿ.ಗೆ ಒಂದೂವರೆ ಲೀಟರಿನಂತೆ, ಕೆಲವು ಗಂಟೆಗಳ ಅವಧಿಯಲ್ಲಿ, ಉಪ್ಪು ಸೇರಿದ ಆಹಾರ ಪಾನೀಯಗಳೊಂದಿಗೆ ನೀರನ್ನು ತುಂಬಿಕೊಳ್ಳಬೇಕು. ಮಾರನೆಯ ದಿನದವರೆಗೆ ಬಿಡುವಿದ್ದವರಿಗೆ ಇಷ್ಟು ಆತುರವಿಲ್ಲ. ಬಾಯಾರಿಕೆ ಮತ್ತು ಊಟ ಎರಡೂ ಸೇರಿ ಲೆಕ್ಕ ಸರಿತೂಗಿಸುತ್ತವೆ.

ಅಧಿಕ ರಕ್ತದೊತ್ತಡ, ಮೂತ್ರಪಿಂಡದ ಅಥವಾ ಹೃದಯದ ತೊಂದರೆ ಇರುವವರು ವೈದ್ಯರ ಸಲಹೆಯಿಲ್ಲದೆ ಪಾನೀಯಗಳಿಗೆ ಉಪ್ಪು ಬೆರೆಸತಕ್ಕದ್ದಲ್ಲ.

ಮನೆಯ ಪಾನೀಯಗಳು

ಮಜ್ಜಿಗೆ: ನಮ್ಮ ನಾಡಿನಲ್ಲಿ ಇದಕ್ಕೆ ಪ್ರತ್ಯೇಕ ಪರಿಚಯ ಬೇಕಾಗಿಲ್ಲ. ಹಾಲು ಕುಡಿದಾಗ ಅದರ ನೀರು ಬರಿಯ ನೀರಿಗಿಂತ ಹೆಚ್ಚು ಹೊತ್ತು ಶರೀರದಲ್ಲಿ ನಿಲ್ಲುತ್ತದೆ ಎಂಬುದು ಬ್ರಿಟನ್ನಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡುಬಂದಿದೆ. ಹಾಲಿನಲ್ಲಿರುವ ಸೋಡಿಯಂ, ಪೊಟ್ಯಾಸಿಯಂ, ಸಕ್ಕರೆ ಮತ್ತು ಪ್ರೋಟೀನುಗಳು ಜಠರದಿಂದ ನಿಧಾನವಾಗಿ ಇಳಿಯುವುದು ಇದಕ್ಕೆ ಕಾರಣ. ನೀರುಮಜ್ಜಿಗೆಯಲ್ಲಿ ಇವು ತೆಳುವಾಗಿರುತ್ತವೆಯಾದರೂ, ನಾವು ಸೇರಿಸುವ ಉಪ್ಪು ಆ ಕೊರತೆಯನ್ನು ತುಂಬುತ್ತದೆ. ಒಂದು ಪಾಲು ಮೊಸರಿಗೆ ಮೂರು ನಾಲ್ಕು ಪಾಲು ನೀರು ಹಾಕಿ ಕಡೆದು, ಲೀಟರಿಗೆ ಅರ್ಧ ಟೀ ಚಮಚದಷ್ಟು ಉಪ್ಪು ಬೆರೆಸಿದರೆ, ಅದರಲ್ಲಿನ ಉಪ್ಪಿನ ಪ್ರಮಾಣವು ಸರಾಸರಿ ಬೆವರಿನಲ್ಲಿರುವುದಕ್ಕೆ ಹತ್ತಿರ ಬರುತ್ತದೆ. ಶುಂಠಿ, ಕರಿಬೇವು, ಇಂಗು, ಹಸಿಮೆಣಸಿನಕಾಯಿ ಅವರವರ ರುಚಿಗೆ ಬಿಟ್ಟದ್ದು. ಓಟ ಮುಗಿದ ಕೂಡಲೆ ಹೊಟ್ಟೆ ತೊಳಸುವವರು ಹತ್ತು ನಿಮಿಷ ನೀರು ಕುಡಿದು ನಂತರ ಮಜ್ಜಿಗೆ ಕುಡಿಯುವುದು ಒಳ್ಳೆಯದು. ಮಜ್ಜಿಗೆ ಮಾಡುವ ನೀರೂ ಕುಡಿಯಲು ಯೋಗ್ಯವಾದ ನೀರೇ ಆಗಿರಬೇಕು.

ರಾಗಿ ಅಂಬಲಿ: ಹಿಟ್ಟನ್ನು ಬೇಯಿಸಿ, ಆರಿಸಿ, ಮಜ್ಜಿಗೆ ಮತ್ತು ಉಪ್ಪು ಬೆರೆಸಿದ ಅಂಬಲಿಯಲ್ಲಿ ನೀರು, ಉಪ್ಪು ಮತ್ತು ಖರ್ಚಾದ ಶಕ್ತಿಗೆ ಬೇಕಾದ ಪಿಷ್ಟ ಮೂರೂ ಇವೆ. ಎರಡು ಹೊತ್ತು ಅಭ್ಯಾಸ ಮಾಡುವವರಿಗೆ ಬೆಳಗಿನ ಅಭ್ಯಾಸದ ನಂತರ ಇದಕ್ಕಿಂತ ಅಗ್ಗವಾದ ಮತ್ತು ಯುಕ್ತವಾದ ಪಾನೀಯ ಕಾಣುವುದಿಲ್ಲ. ಓಟಕ್ಕೆ ಮುನ್ನ ಮಾತ್ರ ಬೇಡ, ಹೊಟ್ಟೆ ಭಾರವಾಗುತ್ತದೆ.

ಪಾನಕ ಮತ್ತು ನಿಂಬೆ ಶರಬತ್ತು: ರಾಮನವಮಿಯಂದು ಪಾನಕ, ನೀರುಮಜ್ಜಿಗೆ, ಕೋಸಂಬರಿ ಮೂರನ್ನೂ ಒಟ್ಟಿಗೆ ಹಂಚುವ ಪದ್ಧತಿ ಬೇಸಿಗೆಯ ಆರಂಭಕ್ಕೆ ಹೇಳಿ ಮಾಡಿಸಿದಂತಿದೆ. ಪಾನಕದ ಬೆಲ್ಲ ಶಕ್ತಿ ಕೊಡುತ್ತದೆ. ಉಪ್ಪು ಮಜ್ಜಿಗೆ ಮತ್ತು ಕೋಸಂಬರಿಯಿಂದ ದೊರೆಯುತ್ತದೆ. ಪಾನಕವೊಂದನ್ನೇ ಕುಡಿಯುವವರು ಅದಕ್ಕೆ ಚಿಟಿಕೆ ಉಪ್ಪು ಸೇರಿಸಬೇಕು, ಬೆಲ್ಲ ಕಡಿಮೆ ಮಾಡಬೇಕು. ಅತಿ ಸಿಹಿಯಾದ ಪಾನೀಯವು ಜಠರದಿಂದ ಇಳಿಯಲು ತಡವಾಗುತ್ತದೆ. ಕರಾವಳಿಯ ಪುನರ್ಪುಳಿ ಶರಬತ್ತಿಗೂ ಇದೇ ಮಾತು ಅನ್ವಯಿಸುತ್ತದೆ.

ಎಳನೀರು: ಇದರ ಬಗ್ಗೆ ಸ್ವಲ್ಪ ವಿವರ ಅಗತ್ಯ. ಎಳನೀರು ಉತ್ತಮ ಪಾನೀಯ, ಕಲಬೆರಕೆಗೆ ಅವಕಾಶವಿಲ್ಲದ ಪಾನೀಯ, ನಮ್ಮ ತುಮಕೂರು, ಹಾಸನ, ಮಂಡ್ಯ ಜಿಲ್ಲೆಗಳ ರೈತರಿಗೆ ಆದಾಯ ತರುವ ಪಾನೀಯ. ಆದರೆ ಅದರಲ್ಲಿ ಹೇರಳವಾಗಿರುವುದು ಪೊಟ್ಯಾಸಿಯಂ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ ಎಂಬುದನ್ನು ಮೇಲೆ ಹೇಳಲಾಗಿದೆ. ಆದುದರಿಂದ ಅಪಾರವಾಗಿ ಬೆವರಿದವರು ಎಳನೀರೊಂದನ್ನೇ ನೆಚ್ಚಿಕೊಳ್ಳದೆ, ಉಪ್ಪಿರುವ ತಿಂಡಿಯ ಜೊತೆಗೆ ಕುಡಿಯುವುದು ಸೂಕ್ತ. ಮೂತ್ರಪಿಂಡದ ತೊಂದರೆ ಇರುವವರಿಗೆ ಇದೇ ಪೊಟ್ಯಾಸಿಯಂ ಅಪಾಯಕಾರಿಯಾಗಬಲ್ಲದು.

ಕಬ್ಬಿನ ಹಾಲಿನಲ್ಲಿ ಸಕ್ಕರೆಯ ಅಂಶ ಬಹಳ. ಗಾಣದ ಶುಚಿತ್ವ ಮತ್ತು ಅದಕ್ಕೆ ಹಾಕುವ ಮಂಜುಗಡ್ಡೆಯ ನೀರಿನ ಬಗ್ಗೆಯೂ ಖಾತರಿಯಿರುವುದಿಲ್ಲ. ಪರೀಕ್ಷೆಗೆ ಮುನ್ನಾ ವಾರದಲ್ಲಿ ಹೊಟ್ಟೆ ಕೆಡಿಸಿಕೊಂಡರೆ ಆರು ತಿಂಗಳ ಅಭ್ಯಾಸ ವ್ಯರ್ಥ.

ಅಂಗಡಿಯ ಬಾಟಲಿಗಳು

ಕ್ರೀಡಾ ಪಾನೀಯಗಳ ಇತಿಹಾಸ ಆರಂಭವಾಗುವುದು 1965ರಲ್ಲಿ, ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ವೈದ್ಯ ರಾಬರ್ಟ್ ಕೇಡ್ ಅವರ ತಂಡವು ಅಲ್ಲಿನ ಫುಟ್‌ಬಾಲ್ ಆಟಗಾರರಿಗಾಗಿ ಗೇಟರೇಡ್ ಸಿದ್ಧಪಡಿಸಿದಾಗ. ಬಿಸಿಲಿನಲ್ಲಿ ಗಂಟೆಗಟ್ಟಲೆ ಆಡುವವರಿಗೆ ನೀರು, ಉಪ್ಪು, ಸಕ್ಕರೆ ಒಟ್ಟಿಗೆ ಒದಗಿಸುವುದು ಅದರ ಉದ್ದೇಶವಾಗಿತ್ತು. ದೀರ್ಘ ಅವಧಿಯ ಓಟಗಾರರಿಗೆ ಇಂತಹ ಪಾನೀಯಗಳಿಂದ ಪ್ರಯೋಜನ ಉಂಟು. ಕಚೇರಿಯಲ್ಲಿ ಕುಳಿತು, ಬಸ್ಸಿನಲ್ಲಿ ಪ್ರಯಾಣಿಸುತ್ತಾ ಕುಡಿಯುವವರಿಗೆ ಅದು ಕೇವಲ ಸಿಹಿ ನೀರು.

ಎನರ್ಜಿ ಡ್ರಿಂಕ್ ಎಂಬ ಹೆಸರಿನ ಪಾನೀಯಗಳು ಬೇರೆಯೇ ವರ್ಗ. ಇವು ಕೆಫೀನ್ ಸೇರಿಸಿದ ಪಾನೀಯಗಳು. ಬೆವರಿನ ನಷ್ಟ ತುಂಬುವುದು ಇವುಗಳ ಕೆಲಸವಲ್ಲ. ಓಟದ ಹಿಂದೆ ಮುಂದೆ ಎರಡು ಮೂರು ಡಬ್ಬಿ ಕುಡಿದು, ಹೃದಯದ ಬಡಿತ ಏರಿಸಿಕೊಂಡು ಟ್ರ್ಯಾಕಿಗೆ ಇಳಿಯುವುದು ತೀರಾ ಅಪಾಯಕರ. ರೂಢಿಯಿಲ್ಲದವರು ಪರೀಕ್ಷೆಯ ದಿನ ಇದನ್ನು ಮುಟ್ಟಲೇಬಾರದು.

ಓ.ಆರ್.ಎಸ್. ಎಂಬ ಹೆಸರು

ಓ.ಆರ್.ಎಸ್. ಪುಡಿಯ ವಿಷಯದಲ್ಲಿ ಸಾರ್ವಜನಿಕರು ವಿಶೇಷ ಗಮನ ಹರಿಸಬೇಕಾಗಿದೆ. ಗ್ಲೂಕೋಸ್ ಮತ್ತು ಸೋಡಿಯಂ ಸರಿಯಾದ ಪ್ರಮಾಣದಲ್ಲಿ ಜೊತೆಯಾಗಿದ್ದರೆ ಕರುಳು ಎರಡನ್ನೂ ಒಟ್ಟಿಗೆ ಹೀರಿಕೊಳ್ಳುತ್ತದೆ, ಅವುಗಳ ಹಿಂದೆ ನೀರೂ ಒಳಹೋಗುತ್ತದೆ ಎಂಬ ತತ್ತ್ವದ ಮೇಲೆ ಇದು ನಿಂತಿದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರಿಗಾಗಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ತೆರೆದಿದ್ದ ಶಿಬಿರದಲ್ಲಿ ಕಾಲರಾ ಹರಡಿ, ಸಲೈನ್ ಬಾಟಲಿಗಳು ಸಾಲದೆ ಬಂದಾಗ, ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಅವರು 2022ರಲ್ಲಿ ನಿಧನರಾದರು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಘೋಷಿಸಲಾಯಿತು.

ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಂತೆ ಒಂದು ಲೀಟರ್ ನೀರಿಗೆ 2.6 ಗ್ರಾಂ ಸೋಡಿಯಂ ಕ್ಲೋರೈಡ್, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಮತ್ತು 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್, ಒಟ್ಟು 20.5 ಗ್ರಾಂ ಪುಡಿ ಇರತಕ್ಕದ್ದು. ನೂರು ಮಿ.ಲೀ.ಗೆ ಲೆಕ್ಕ ಹಾಕಿದರೆ ಸಕ್ಕರೆ 1.35 ಗ್ರಾಂ, ಸೋಡಿಯಂ ಸುಮಾರು 170 ಮಿಲಿಗ್ರಾಂ. ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಂಡರೆ ಯಾವ ಬಾಟಲಿಯ ಮೇಲಿನ ಪಟ್ಟಿಯನ್ನಾದರೂ ಓದಿ ಹೋಲಿಸಬಹುದು.

ಹಲವು ವರ್ಷಗಳ ಕಾಲ ಮಾರುಕಟ್ಟೆಯಲ್ಲಿ ಹಣ್ಣಿನ ರಸದಂತಹ ಸಿಹಿ ಪಾನೀಯಗಳು ತಮ್ಮ ಹೆಸರಿನಲ್ಲಿ ಓ.ಆರ್.ಎಸ್. ಎಂಬ ಅಕ್ಷರಗಳನ್ನು ಸೇರಿಸಿಕೊಂಡು ಔಷಧಿ ಅಂಗಡಿಗಳಲ್ಲಿಯೇ ಮಾರಾಟವಾಗುತ್ತಿದ್ದವು. ಅವುಗಳಲ್ಲಿ ಸಕ್ಕರೆಯು ಮೇಲಿನ ಸೂತ್ರದ ಹಲವು ಪಟ್ಟು ಇರುತ್ತಿತ್ತು. ವಾಂತಿ-ಭೇದಿಯಾದ ಮಗುವಿಗೆ ಹೆಚ್ಚು ಸಕ್ಕರೆಯ ಪಾನೀಯ ಕೊಟ್ಟರೆ ಭೇದಿ ಇನ್ನಷ್ಟು ಹೆಚ್ಚಾಗುತ್ತದೆ. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ಅವರು ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2022ರ ಜುಲೈ ಮತ್ತು 2024ರ ಫೆಬ್ರವರಿಯಲ್ಲಿ, 'ಇದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓ.ಆರ್.ಎಸ್. ಅಲ್ಲ' ಎಂಬ ಅರ್ಥದ ಸೂಚನೆ ಮುದ್ರಿಸುವ ಷರತ್ತಿನೊಂದಿಗೆ ನೀಡಿದ್ದ ಅವಕಾಶವನ್ನು 2025ರ ಅಕ್ಟೋಬರ್‌ನಲ್ಲಿ ಹಿಂಪಡೆದು, ಆಹಾರ ಪಾನೀಯಗಳ ಹೆಸರಿನಲ್ಲಿ ಈ ಪದ ಬಳಸಕೂಡದೆಂದು ಆದೇಶಿಸಿದೆ. ಇಷ್ಟಾದರೂ ಕೊಳ್ಳುವವರು ಹೆಸರನ್ನಲ್ಲ, ಹಿಂಬದಿಯ ಪಟ್ಟಿಯನ್ನು ಓದಬೇಕು. ಇಂತಹ ಹೆಸರಿನ ಸಿಹಿ ಪಾನೀಯ ಮಾರಾಟವಾಗುತ್ತಿರುವುದು ಕಂಡುಬಂದಲ್ಲಿ, ಪೊಟ್ಟಣವನ್ನು ಎಸೆಯದೆ, ಬ್ಯಾಚ್ ಸಂಖ್ಯೆಯನ್ನು ಗುರುತು ಮಾಡಿಕೊಂಡು ಪ್ರಾಧಿಕಾರದ ಉಚಿತ ಸಹಾಯವಾಣಿ 1800-112-100ಕ್ಕೆ ದೂರು ನೀಡಬಹುದಾಗಿದೆ.

ಓಟಗಾರರಿಗೆ ದಿನನಿತ್ಯ ಓ.ಆರ್.ಎಸ್. ಅಗತ್ಯವಿಲ್ಲ. ಅತಿಯಾಗಿ ಬೆವರಿ, ಊಟವೂ ಸೇರದ ಸಂದರ್ಭದಲ್ಲಿ ಒಂದು ಪೊಟ್ಟಣ ಬಳಸಬಹುದು. ಆಗ ಪೂರ್ಣ ಪೊಟ್ಟಣವನ್ನು ಅದರ ಮೇಲೆ ನಮೂದಿಸಿದಷ್ಟೇ ನೀರಿನಲ್ಲಿ ಕರಗಿಸತಕ್ಕದ್ದು. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದರೆ ಅದು ಅತಿ ಉಪ್ಪಾಗಿ ಹಾನಿ ಮಾಡುತ್ತದೆ. ರುಚಿಗೆಂದು ಸಕ್ಕರೆ ಸೇರಿಸಿದರೆ ಸೂತ್ರ ಕೆಡುತ್ತದೆ. ಪುಡಿ ಸಿಗದ ಕಡೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿಕೊಳ್ಳಬಹುದು. ಚಮಚಗಳು ತಲೆಮಟ್ಟವಾಗಿರಬೇಕು, ಗೋಪುರದಂತೆ ತುಂಬಿರಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುವ ಪೊಟ್ಟಣಗಳು ಅತಿಸಾರದ ರೋಗಿಗಳಿಗಾಗಿ ಇರುವಂತಹವು. ಅಭ್ಯಾಸಕ್ಕೆಂದು ಕೇಳಿ ಪಡೆಯುವುದು ಸರಿಯಲ್ಲ.

ಅತಿಯಾದ ನೀರೂ ಅಪಾಯ

ನೀರು ಎಷ್ಟು ಕುಡಿದರೂ ಒಳ್ಳೆಯದೇ ಎಂಬ ಮಾತು ತಪ್ಪು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಟಗಾರರನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಕ್ತದ ಮಾದರಿ ನೀಡಿದ 488 ಜನರ ಪೈಕಿ ನೂರಕ್ಕೆ 13ರಷ್ಟು ಮಂದಿಯಲ್ಲಿ ಸೋಡಿಯಂ ಪ್ರಮಾಣ ಇರಬೇಕಾದುದಕ್ಕಿಂತ ಕೆಳಗಿಳಿದಿತ್ತು. ಓಟದ ಅವಧಿಯಲ್ಲಿ ತೂಕ ಕಳೆದುಕೊಳ್ಳುವ ಬದಲು ತೂಕ ಗಳಿಸಿದವರಲ್ಲಿ, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರಲ್ಲಿ, ಇದು ಮುಖ್ಯವಾಗಿ ಕಂಡುಬಂದಿತು. ಸೋಡಿಯಂ ಬಹಳ ಇಳಿದರೆ ತಲೆನೋವು, ವಾಂತಿ, ಗೊಂದಲ, ಮೂರ್ಛೆ ಉಂಟಾಗಿ ಪ್ರಾಣಕ್ಕೇ ಕುತ್ತಾಗಬಹುದು. ಅಭ್ಯಾಸದ ನಂತರ ತೂಕ ಮುಂಚಿಗಿಂತ ಹೆಚ್ಚಾಗಿದ್ದರೆ ಮರುದಿನ ಕಡಿಮೆ ಕುಡಿಯಬೇಕೆಂದು ಅರ್ಥ. ದೇಹದಾರ್ಢ್ಯತೆ ಪರೀಕ್ಷೆಯಲ್ಲಿ ಕನಿಷ್ಠ ತೂಕ ತಲುಪಲೆಂದು ಕೆಲವರು ತೂಕಕ್ಕೆ ಮುನ್ನ ಲೀಟರ್‌ಗಟ್ಟಲೆ ನೀರು ಕುಡಿಯುವುದುಂಟು. ಅದೇ ಹೊಟ್ಟೆಯಲ್ಲಿ ನಂತರ ಓಟಕ್ಕೂ ಇಳಿಯಬೇಕಾಗುತ್ತದೆ ಎಂಬುದನ್ನು ಅವರು ಮರೆತಿರುತ್ತಾರೆ. ಈ ಉಪಾಯವನ್ನು ಯಾವ ಕಾರಣಕ್ಕೂ ಅನುಸರಿಸಬಾರದು.

ಬೆಳಗಿನ ನಡಿಗೆಯ ನಾಗರಿಕರು

ಉದ್ಯಾನಗಳಲ್ಲಿ ಮುಕ್ಕಾಲು ಗಂಟೆ ನಡೆಯುವ ಹಿರಿಯ ನಾಗರಿಕರಿಗೆ ನೀರಿನ ಹೊರತು ಬೇರೇನೂ ಬೇಕಾಗಿಲ್ಲ. ಉದ್ಯಾನದ ಬಾಗಿಲಲ್ಲಿ ಮಾರುವ ತರಕಾರಿ ರಸಗಳ ವಿಷಯದಲ್ಲಿ ಒಂದು ಎಚ್ಚರಿಕೆ: ಸೋರೆಕಾಯಿಯ ರಸ ಕಹಿಯಾಗಿದ್ದರೆ ಒಂದು ಗುಟುಕನ್ನೂ ನುಂಗದೆ ಉಗುಳಿಬಿಡಬೇಕು. ಆ ಕಹಿಯು ವಿಷಕಾರಿ ಅಂಶದ ಗುರುತಾಗಿದ್ದು, ಅದರಿಂದ ಸಾವು ಸಂಭವಿಸಿರುವುದೂ ಉಂಟು. ಮಧುಮೇಹ ಇರುವವರು ಹಣ್ಣಿನ ರಸ, ಪಾನಕಗಳನ್ನು ಆರೋಗ್ಯದ ಹೆಸರಿನಲ್ಲಿ ಕುಡಿಯುವ ಮುನ್ನ ಅದರಲ್ಲಿನ ಸಕ್ಕರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪರೀಕ್ಷೆಯ ದಿನ

ಪರೀಕ್ಷೆಯ ದಿನ ಅಭ್ಯರ್ಥಿಯನ್ನು ಬಳಲಿಸುವುದು ಓಟಕ್ಕಿಂತ ಹೆಚ್ಚಾಗಿ ಕಾಯುವಿಕೆ. ದಾಖಲೆ ಪರಿಶೀಲನೆ, ಎತ್ತರ ಮತ್ತು ಎದೆಯ ಅಳತೆ, ಸರದಿ ಇವೆಲ್ಲ ಮುಗಿಯುವ ವೇಳೆಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ. ಹಿಂದಿನ ರಾತ್ರಿ ಚೆನ್ನಾಗಿ ಊಟ ಮಾಡಿ ನೀರು ಕುಡಿದಿರುವುದು, ಬೆಳಿಗ್ಗೆ ಎದ್ದ ಕೂಡಲೆ ಒಂದೆರಡು ಲೋಟ ನೀರು ಮತ್ತು ಹಗುರವಾದ ತಿಂಡಿ ಸೇವಿಸುವುದು, ತಮ್ಮದೇ ನೀರಿನ ಬಾಟಲಿಯನ್ನು ಒಯ್ಯುವುದು, ಕಾಯುವಾಗ ತಲೆಗೆ ಬಟ್ಟೆ ಹಾಕಿಕೊಂಡು ನೆರಳಿನಲ್ಲಿ ಇರುವುದು ಅವಶ್ಯ. ಅಭ್ಯಾಸದ ದಿನಗಳಲ್ಲಿ ಎಂದೂ ಕುಡಿಯದ ಯಾವ ಪಾನೀಯವನ್ನೂ ಅಂದು ಹೊಸದಾಗಿ ಕುಡಿಯಬಾರದು. ಜ್ವರ, ಭೇದಿ ಇದ್ದವರು ಓಟಕ್ಕೆ ಇಳಿಯುವ ಮೊದಲು ಸ್ಥಳದಲ್ಲಿರುವ ಅಧಿಕಾರಿಗೆ ತಿಳಿಸಬೇಕು. ಒಂದು ಅವಕಾಶ ಹೋಗಬಹುದೆಂಬ ಭಯದಿಂದ ಮುಚ್ಚಿಡುವುದು ಸಲ್ಲದು. ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಬುಡಕಟ್ಟು ಸಮುದಾಯಗಳ ಅಭ್ಯರ್ಥಿಗಳು ಸಿಕಲ್ ಸೆಲ್ ತಪಾಸಣೆಯನ್ನು ಮೊದಲೇ ಮಾಡಿಸಿಕೊಂಡಿರುವುದು ಒಳಿತು. ಈ ಗುಣಾಂಶ ಇರುವವರು ಬಿಸಿಲಿನಲ್ಲಿ, ನೀರಿನ ಕೊರತೆಯಲ್ಲಿ ತೀವ್ರವಾಗಿ ಓಡಿದಾಗ ಕುಸಿದುಬೀಳುವ ಸಂಭವ ಹೆಚ್ಚು. ಅಂತಹವರು ವೈದ್ಯರ ಸಲಹೆಯಂತೆ ಹಂತಹಂತವಾಗಿ ಅಭ್ಯಾಸ ಏರಿಸಬೇಕು.

ಓಡುತ್ತಿರುವ ಸಹ ಅಭ್ಯರ್ಥಿಯು ತಡವರಿಸುವುದು, ಅಸಂಬದ್ಧವಾಗಿ ಮಾತನಾಡುವುದು, ಮೈ ಕೆಂಡದಂತೆ ಕಾದು ಕುಸಿಯುವುದು ಕಂಡುಬಂದರೆ ಅದು ಹೀಟ್ ಸ್ಟ್ರೋಕ್ ಎನ್ನಲಾಗುವ ಶಾಖಾಘಾತವಾಗಿರಬಹುದು. ಮೈ ಬೆವರಿದ್ದರೂ ಶಾಖಾಘಾತ ಆಗಬಹುದು. ಅಂತಹವರನ್ನು ತಕ್ಷಣ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆಲ್ಲಾ ತಣ್ಣೀರು ಸುರಿಯುತ್ತಾ ಗಾಳಿ ಬೀಸಬೇಕು. ಮಂಜುಗಡ್ಡೆ ಇದ್ದರೆ ಕುತ್ತಿಗೆ, ಕಂಕುಳು, ತೊಡೆಸಂದಿಗಳಲ್ಲಿ ಇಡಬೇಕು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರನ್ನಾಗಲಿ, ಎಳನೀರನ್ನಾಗಲಿ, ಓ.ಆರ್.ಎಸ್. ಅನ್ನಾಗಲಿ ಹಾಕಕೂಡದು, ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಮೈದಾನದ ವೈದ್ಯಕೀಯ ತಂಡ ಎಲ್ಲಿದೆ ಎಂಬುದನ್ನು ಒಳಗೆ ಬಂದ ಕೂಡಲೆ ನೋಡಿಟ್ಟುಕೊಂಡಿರಬೇಕು. ತಂಡವಿಲ್ಲದ ಅಭ್ಯಾಸದ ಮೈದಾನಗಳಲ್ಲಿ ಒಬ್ಬರು 108ಕ್ಕೆ ಕರೆ ಮಾಡುತ್ತಿರುವಾಗಲೇ ಉಳಿದವರು ತಣ್ಣೀರು ಸುರಿಯುವುದನ್ನು ಮುಂದುವರಿಸಬೇಕು; ಆಂಬುಲೆನ್ಸ್ ಬರುವವರೆಗೆ ಅದನ್ನು ನಿಲ್ಲಿಸತಕ್ಕದ್ದಲ್ಲ.